ಹಳೇ ಚಿತ್ರ ಕಪಾಟಿನಲ್ಲೇ ಇದ್ದರೆ ನೋಡುಗರು ಎಲ್ಲಿಂದ ಬರಬೇಕು?

ಸಂಪಾದಕರೇ,

ಕಲೆಗೆ ಈಗ ನೋಡುಗರೇ ಇಲ್ಲ ಅಂತ ನಿಮ್ಮ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಜನರಿಗೆ ತಾಳ್ಮೆ ಇಲ್ಲ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದಾರೆ, ಹಾಗಾಗಿ ಕಲಾವಿದರು ದಿನಾ ಏನಾದರೂ ಹೊಸದು ಮಾಡಿ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಜನ ಮರೆತೇ ಬಿಡುತ್ತಾರೆ ಅನ್ನೋದು ಅದರ ಸಾರ. ನಾನು ಚಿತ್ರ ಬರೆಯುವವಳು. ಜನರ ತಾಳ್ಮೆ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರು ಜಾಸ್ತಿ ಇಲ್ಲ. ಆದರೆ ‘ದಿನಾ ಹೊಸದು’ ಅನ್ನುವ ಸಲಹೆ ಇದೆಯಲ್ಲ, ಅದನ್ನು ಮಾತ್ರ ಒಪ್ಪಲಾರೆ. ನನಗೆ ನೋಡುಗರು ಸಿಕ್ಕಿದ್ದು ಹೊಸ ಚಿತ್ರದಿಂದ ಅಲ್ಲ. ಹಳೇ ಚಿತ್ರಗಳಿಂದ. ಅದೂ ಒಂದೊಂದಾಗಿ ತೋರಿಸಿದಾಗ ಅಲ್ಲ, ಎಲ್ಲವನ್ನೂ ಸಾಲಾಗಿ ಇಟ್ಟಾಗ.

ನಾನು ವರ್ಷಗಟ್ಟಲೆ ಬರೆದದ್ದು ಒಂದೇ ವಿಷಯ. ಕಾಯುತ್ತಾ ಕುಳಿತವರು. ಬೆಂಚಿನ ಮೇಲೆ, ಸರತಿಯಲ್ಲಿ, ಮುಚ್ಚಿದ ಬಾಗಿಲಿನ ಎದುರು. ಮೊದಲು ಪೆನ್ಸಿಲ್ ಮತ್ತು ಇದ್ದಿಲು, ಆಮೇಲೆ ಜಲವರ್ಣ, ಕೊನೆಗೆ ತೈಲವರ್ಣ. ಅದರಲ್ಲಿ ಒಂದೊಂದನ್ನೇ ಗುಂಪು ಪ್ರದರ್ಶನಗಳಿಗೆ ಕಳಿಸುತ್ತಿದ್ದೆ. ಯಾರೂ ಬೈಯುತ್ತಿರಲಿಲ್ಲ, ಯಾರೂ ನಿಲ್ಲುತ್ತಲೂ ಇರಲಿಲ್ಲ. ಅದು ಸಹಜವೇ. ಎಷ್ಟೋ ಜನರ ಎಷ್ಟೋ ಬಗೆಯ ಚಿತ್ರಗಳ ನಡುವೆ ನನ್ನದು ಬರೀ ಒಬ್ಬ ಕುಳಿತ ಹೆಂಗಸು. ಅವಳು ಕಾಯುತ್ತಿದ್ದಾಳೆ ಅಂತ ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೂ ಹತ್ತು ಜನ ಕಾಯುತ್ತಿರಬೇಕು, ಅಲ್ವಾ?

ಸ್ನೇಹಿತೆಯೊಬ್ಬಳು ಹಠ ಹಿಡಿದಳು. ಹಳೇ ಕೆಲಸ ಎಲ್ಲಾ ಹೊರಗೆ ತೆಗಿ, ನೀನು ಆರಿಸಬೇಡ, ವರ್ಷದ ಪ್ರಕಾರ ಜೋಡಿಸೋಣ ಅಂದಳು. ಆರಿಸಬೇಡ ಅಂದದ್ದು ಯಾಕೆ ಅಂತ ಆಗ ಅರ್ಥವಾಗಲಿಲ್ಲ, ಕೆಲಸಕ್ಕೆ ಕೂತ ಮೇಲೆ ಆಯಿತು. ಹಳೇ ಚಿತ್ರ ನೋಡುವಾಗ ಕಲಾವಿದರ ಕಣ್ಣು ಎರಡು ರೀತಿ ಕೆಡುತ್ತದೆ. ಒಂದು, ನಾಚಿಕೆ. ಆ ಕೈ, ಆ ಮೊಣಕಾಲು, ಅಳತೆಯೇ ಇಲ್ಲದ ಆ ಕುತ್ತಿಗೆ. ಇನ್ನೊಂದು, ಹೊಟ್ಟೆಕಿಚ್ಚು. ಏನೂ ಗೊತ್ತಿಲ್ಲದ ಕಾಲದಲ್ಲಿ ಎಷ್ಟು ಧೈರ್ಯದಿಂದ ಗೆರೆ ಎಳೆದಿದ್ದೆ, ಈಗ ಎಲ್ಲಾ ಗೊತ್ತಿದ್ದೂ ಆ ಗೆರೆ ಯಾಕೆ ಬರುವುದಿಲ್ಲ ಅನ್ನುವ ಸಂಕಟ. ನಾಚಿಕೆಯಾದ ಚಿತ್ರವನ್ನು ಬಚ್ಚಿಡೋಣ ಅನ್ನಿಸುತ್ತದೆ, ಹೊಟ್ಟೆಕಿಚ್ಚು ತರಿಸಿದ್ದನ್ನೂ ಬಚ್ಚಿಡೋಣ ಅನ್ನಿಸುತ್ತದೆ. ಹೀಗೆ ಎರಡೂ ಕಡೆಯಿಂದ ತೆಗೆಯುತ್ತಾ ಹೋದರೆ ಉಳಿಯುವುದು ನಡುವಿನ ಸಪ್ಪೆ ಕೆಲಸ ಮಾತ್ರ. ಅವಳು ಹಾಗಾಗಲು ಬಿಡಲಿಲ್ಲ.

ಪ್ರದರ್ಶನಕ್ಕೆ ಜಾತ್ರೆಯಂತೆ ಜನ ಸೇರಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಕಡಿಮೆ ಜನವೇ. ಆದರೆ ಬಂದವರು ನಿಂತರು. ಕೆಲವರು ಮರುದಿನ ಮನೆಯವರನ್ನು ಕರೆದುಕೊಂಡು ಮತ್ತೆ ಬಂದರು. ನನಗೆ ಆಶ್ಚರ್ಯವಾದದ್ದು ಅವರು ಎಲ್ಲಿ ನಿಂತರು ಅನ್ನುವುದು. ನಾನು ಹೆಮ್ಮೆ ಪಡುವ ದೊಡ್ಡ ತೈಲಚಿತ್ರಗಳ ಮುಂದೆ ಅಲ್ಲ. ಒಂದೇ ಮುದುಕನನ್ನು ಬೇರೆ ಬೇರೆ ವರ್ಷ ಬರೆದ ಎರಡು ಚಿತ್ರ ಇದ್ದವು, ಒಂದು ಒರಟು, ಇನ್ನೊಂದು ಸ್ವಲ್ಪ ಪಳಗಿದ್ದು. ಅವೆರಡರ ನಡುವೆ ಹಿಂದೆ ಮುಂದೆ ಓಡಾಡುತ್ತಾ ಇದರಲ್ಲಿ ಮುಖ ಯಾಕೆ ತಿರುಗಿಸಿದಿರಿ, ಅದರಲ್ಲಿ ಕೈ ಯಾಕೆ ಬಿಟ್ಟಿರಿ ಅಂತ ಕೇಳಿದರು. ಕಲೆ ನಮಗೆ ಅರ್ಥ ಆಗೋದಿಲ್ಲ ಅಂತ ಬಾಗಿಲಲ್ಲೇ ಹೇಳಿಕೊಂಡು ಒಳಗೆ ಬಂದವರ ಪ್ರಶ್ನೆಗಳು ಇವು. ಒಂದೇ ಚಿತ್ರ ಇದ್ದರೆ ಚೆನ್ನಾಗಿದೆ ಅನ್ನಬಹುದು, ಇಲ್ಲ ಅನ್ನಬಹುದು. ಎರಡು ಇದ್ದರೆ ಹೋಲಿಸಬಹುದು. ಹೋಲಿಸೋದಕ್ಕೆ ಯಾರಿಗೂ ಯಾವ ಪದವಿಯೂ ಬೇಡ.

ಇದು ನನ್ನೊಬ್ಬಳ ಸಣ್ಣ ಅನುಭವ ಅನ್ನುವುದಾದರೆ ದೊಡ್ಡವರ ಕಥೆಗೆ ಬರೋಣ. ಫ್ರಾನ್ಸಿನ ಸೆಜಾನ್ ತೆಗೆದುಕೊಳ್ಳಿ. 1877ರ ನಂತರ ಪ್ಯಾರಿಸ್ಸಿನಲ್ಲಿ ಅವನ ಚಿತ್ರಗಳು ಜನರ ಕಣ್ಣಿಗೆ ಬಿದ್ದದ್ದೇ ಅಪರೂಪ. 1895ರಲ್ಲಿ ವೊಲಾರ್ ಅನ್ನುವ ವ್ಯಾಪಾರಿ ತನ್ನ ಅಂಗಡಿಯಲ್ಲಿ ಅವನೊಬ್ಬನದೇ ಪ್ರದರ್ಶನ ಇಟ್ಟ. ಸೆಜಾನ್‌ಗೆ ಆಗ 56 ವರ್ಷ. ವರ್ಷಗಟ್ಟಲೆ ಮಾಡಿ ಇಟ್ಟಿದ್ದ ಕೆಲಸ ಮೊದಲ ಸಲ ರಾಶಿಯಾಗಿ ಹೊರಗೆ ಬಂತು. ಮೊದಲು ತಲೆಕೆಡಿಸಿಕೊಂಡವರು ಯಾರು ಗೊತ್ತೇ? ಬೇರೆ ಚಿತ್ರಕಾರರು. ಪಿಸಾರೊ, ಮೊನೆ, ರೆನ್ವಾರ್, ಡೆಗಾ. ಇವರೆಲ್ಲ ಅವನನ್ನು ಹಿಂದಿನಿಂದ ಬಲ್ಲವರೇ. ಆದರೂ ಅಷ್ಟೂ ಕೆಲಸ ಒಟ್ಟಿಗೆ ಕಂಡಾಗಲೇ ದಂಗಾದರು. ಕೊಂಡುಕೊಂಡರು ಕೂಡ.

ಒಬ್ಬರದೇ ಪ್ರದರ್ಶನ ಅನ್ನುವ ಪದ್ಧತಿ ಆಗಿನ ಕಾಲಕ್ಕೆ ಅಷ್ಟು ಸಾಮಾನ್ಯ ಆಗಿರಲಿಲ್ಲ. ಪ್ಯಾರಿಸ್ಸಿನ ‘ಸಲೂನ್’ ಎಂಬ ದೊಡ್ಡ ಗುಂಪು ಪ್ರದರ್ಶನದಲ್ಲಿ ಚಿತ್ರಗಳನ್ನು ನೆಲದಿಂದ ಸೂರಿನ ತನಕ ಒತ್ತೊತ್ತಾಗಿ ತೂಗು ಹಾಕುತ್ತಿದ್ದರು. 1883ರಲ್ಲಿ ದ್ಯುರಾನ್-ರುಯೆಲ್ ಎಂಬ ವ್ಯಾಪಾರಿ ಮೊನೆ, ರೆನ್ವಾರ್, ಪಿಸಾರೊ, ಸಿಸ್ಲಿ ಇವರಿಗೆ ಒಬ್ಬೊಬ್ಬರದೇ ಪ್ರದರ್ಶನ ಮಾಡಿಸಿದ. ವ್ಯಾಪಾರದ ಲೆಕ್ಕಾಚಾರ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬ ಮನುಷ್ಯ ಎಲ್ಲಿಂದ ಹೊರಟ, ಎಲ್ಲಿಗೆ ಬಂದ ಅಂತ ನೋಡುಗರು ನೋಡಲು ಸಾಧ್ಯವಾದದ್ದು ಹೀಗೆ.

ವ್ಯಾನ್ ಗೋ ವಿಷಯಕ್ಕೆ ಬಂದರೆ ಎಲ್ಲರೂ ಒಂದೇ ರಾಗ ಹಾಡುತ್ತಾರೆ. ಬದುಕಿದ್ದಾಗ ಯಾರೂ ಗುರುತಿಸಲಿಲ್ಲ, ಕಾಲ ಗುರುತಿಸಿತು ಅಂತ. ಕಾಲ ಏನೂ ಮಾಡಲಿಲ್ಲ ಸ್ವಾಮಿ. ಮಾಡಿದ್ದು ಯೋ ವ್ಯಾನ್ ಗೋ-ಬೊಂಗರ್ ಎಂಬ ಹೆಣ್ಣುಮಗಳು, ಅವನ ತಮ್ಮ ಥಿಯೋನ ಹೆಂಡತಿ. ವಿನ್ಸೆಂಟ್ ಸತ್ತದ್ದು 1890ರ ಜುಲೈನಲ್ಲಿ. 1891ರ ಜನವರಿಯಲ್ಲಿ ಥಿಯೋನೂ ತೀರಿಕೊಂಡ. ಅವಳಿಗಾಗ 28 ವರ್ಷ, ಕಂಕುಳಲ್ಲಿ ಇನ್ನೂ ವರ್ಷ ತುಂಬದ ಮಗು, ಜೊತೆಗೆ ಯಾರಿಗೂ ಬೇಡದ ನೂರಾರು ಚಿತ್ರ, ವಿನ್ಸೆಂಟ್ ತಮ್ಮನಿಗೆ ಬರೆದ ಕಟ್ಟುಗಟ್ಟಲೆ ಪತ್ರ. ಅವಳು ಅದನ್ನು ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಳ್ಳಲಿಲ್ಲ. ಸ್ವಲ್ಪ ಮಾರಿದಳು, ತುಂಬಾ ಉಳಿಸಿಕೊಂಡಳು, ಪ್ರದರ್ಶನಗಳಿಗೆ ಕಳಿಸುತ್ತಲೇ ಇದ್ದಳು. 1905ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಮ್ಮಿನಲ್ಲಿ 450ಕ್ಕೂ ಹೆಚ್ಚು ಕೃತಿಗಳನ್ನು ಒಟ್ಟಿಗೆ ಇಟ್ಟಳು. ಅದಕ್ಕೆ ಜಾಗ ಬಾಡಿಗೆಗೆ ಪಡೆದವಳೂ ಅವಳೇ. 1914ರಲ್ಲಿ ಪತ್ರಗಳನ್ನು ಪ್ರಕಟಿಸಿದಳು. ಚಿತ್ರದ ಪಕ್ಕದಲ್ಲಿ ಪತ್ರ, ಪತ್ರದ ಪಕ್ಕದಲ್ಲಿ ಚಿತ್ರ. ಇವತ್ತು ನಮಗೆಲ್ಲ ಗೊತ್ತಿರುವ ವ್ಯಾನ್ ಗೋ ಆ ಜೋಡಣೆಯಿಂದ ಬಂದವನು. ಹತ್ತು ವರ್ಷದ ಕೆಲಸ ಅಲ್ಲಲ್ಲಿ ಚದುರಿ ಹೋಗಿದ್ದರೆ ಏನಾಗುತ್ತಿತ್ತು ಯೋಚಿಸಿ.

ಚದುರದೇ ಉಳಿದರೂ ಸಾಲದು, ಬಾಗಿಲು ತೆರೆಯುವವರು ಬೇಕು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಿಂದ 1915ರ ನಡುವೆ 193 ಚಿತ್ರಗಳ ಒಂದು ದೊಡ್ಡ ಸರಣಿ ಬರೆದರು, ಕೆಲವಂತೂ ಗೋಡೆಯಷ್ಟು ದೊಡ್ಡವು. ತಾವು ಸತ್ತು 20 ವರ್ಷ ಆಗುವ ತನಕ ತೋರಿಸಬೇಡಿ ಅಂದಿದ್ದರು. 1944ರಲ್ಲಿ ತೀರಿಕೊಂಡರು. 1970ರ ಹೊತ್ತಿಗೆ ಸ್ಟಾಕ್‌ಹೋಮಿನ ಮ್ಯೂಸಿಯಂ ಒಂದಕ್ಕೆ ಅಷ್ಟನ್ನೂ ದಾನವಾಗಿ ಕೊಡಲು ಹೋದರೆ ಬೇಡ ಅಂದರು. ದಾನವನ್ನೇ! ಕೊನೆಗೆ 2018-19ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ತೋರಿಸಿದಾಗ 6 ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಅವರಲ್ಲಿ ಬಹುತೇಕರ ಕೈಯಲ್ಲಿ ಮೊಬೈಲ್ ಇದ್ದೇ ಇತ್ತು. ಮೊಬೈಲು ನೋಡುಗರನ್ನು ಕೊಂದಿತು ಅನ್ನುವ ಲೇಖಕರು ಇದಕ್ಕೇನು ಹೇಳುತ್ತಾರೋ.

ಸತ್ತ ಮೇಲೆ ಹೆಸರಾದವರ ಉದಾಹರಣೆಯೇ ಸಾಕಾಯಿತು ಅಂತ ನೀವು ಅಂದರೆ ಅದೂ ಸರಿ. ಕಾರ್ಮೆನ್ ಎರೆರಾ ಅಂತ ಕ್ಯೂಬಾದಲ್ಲಿ 1915ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಕಲಾವಿದೆ. ನೇರ ಗೆರೆ, ಒಂದೆರಡು ಬಣ್ಣ, ಅಷ್ಟೇ ಅವರ ಚಿತ್ರ. ಮೊದಲ ಚಿತ್ರ ಮಾರಾಟವಾದದ್ದು 2004ರಲ್ಲಿ, 89ನೇ ವಯಸ್ಸಿನಲ್ಲಿ. 2016ರಲ್ಲಿ ವಿಟ್ನಿ ಮ್ಯೂಸಿಯಂ ಅವರ ಹಳೇ ಕೆಲಸದ ದೊಡ್ಡ ಪ್ರದರ್ಶನ ಮಾಡಿತು, ಆಗ ಅವರಿಗೆ 101. ಇದನ್ನು ಎಲ್ಲರೂ ಸ್ಫೂರ್ತಿಯ ಕಥೆ ಅಂತ ಹಂಚುತ್ತಾರೆ. ನನಗೆ ಸ್ಫೂರ್ತಿಗಿಂತ ಸಿಟ್ಟೇ ಜಾಸ್ತಿ ಬರುತ್ತದೆ. ಅಲ್ಲಿ ಜನ ಮುಗಿಬಿದ್ದು ನೋಡಿದ ಚಿತ್ರಗಳಲ್ಲಿ ಎಷ್ಟೋ 1950, 60ರ ದಶಕದವು. ಚಿತ್ರ ಬದಲಾಗಲಿಲ್ಲ. ತೆಗೆದು ತೋರಿಸಲು ಅರ್ಧ ಶತಮಾನ ಹಿಡಿಯಿತು, ಅಷ್ಟೇ.

ಇನ್ನು ಹಳೆಯದನ್ನು ಸುಡುವವರು, ಹರಿಯುವವರು ಇದ್ದಾರೆ. ಮೊನೆ 1908ರಲ್ಲಿ ಪ್ರದರ್ಶನ ಹತ್ತಿರ ಬಂದಾಗ ತಾವರೆ ಕೊಳದ ಕಡಿಮೆಯೆಂದರೂ 15 ಚಿತ್ರಗಳನ್ನು ಹಾಳುಮಾಡಿದ. ಪ್ರದರ್ಶನ ಮುಂದಿನ ವರ್ಷಕ್ಕೆ ಹೋಯಿತು. ಅವನು ಹಾಳುಮಾಡಿದ್ದು ಆಗ ತಾನೇ ಮಾಡುತ್ತಿದ್ದ ಕೆಲಸ, ಅದು ಅವನ ಇಷ್ಟ. ಇಪ್ಪತ್ತು ವರ್ಷದ ಹಿಂದಿನದನ್ನು ಹರಿಯುವುದು ಬೇರೆ ವಿಷಯ. ಅದನ್ನು ಬರೆದವಳು ಈಗ ನಾನಲ್ಲ, ಅವಳ ಪರವಾಗಿ ತೀರ್ಮಾನ ಮಾಡೋಕೆ ನಾನ್ಯಾರು? ತಿದ್ದುವುದೂ ಹಾಗೇ. ಬೊನಾರ್ ಅನ್ನುವ ಚಿತ್ರಕಾರ ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದ್ದ ತನ್ನದೇ ಚಿತ್ರವನ್ನು ಕಾವಲುಗಾರನ ಕಣ್ಣು ತಪ್ಪಿಸಿ ತಿದ್ದುತ್ತಿದ್ದ ಅಂತ ಕಥೆ ಹೇಳುತ್ತಾರೆ. ಕೇಳಲು ತಮಾಷೆ. ಆದರೆ ನನಗೆ ಮೆಚ್ಚುಗೆಯಾಗುವ ದಾರಿ ನಾರ್ವೆಯ ಚಿತ್ರಕಾರ ಮುಂಕ್ ಹಿಡಿದದ್ದು. ಕ್ಷಯದಿಂದ ತೀರಿಕೊಂಡ ಅಕ್ಕನ ಚಿತ್ರವನ್ನು ಅವನು 1885ರಲ್ಲಿ ಶುರುಮಾಡಿ ನಲವತ್ತು ವರ್ಷಗಳಲ್ಲಿ ಆರು ಸಲ ಬರೆದ. ತೃಪ್ತಿ ಇಲ್ಲದಿದ್ದರೆ ಇನ್ನೊಂದು ಕ್ಯಾನ್ವಾಸ್ ತಗೊಳ್ಳಿ. ಹಳೆಯದು ತನ್ನ ಪಾಡಿಗೆ ಇರಲಿ. ಅವನ ಬಳಿ ಉಳಿದಿದ್ದ ರಾಶಿ ಚಿತ್ರಗಳೆಲ್ಲ ಉಯಿಲಿನ ಪ್ರಕಾರ ಆಸ್ಲೊ ನಗರಕ್ಕೆ ಹೋದವು, 1963ರಲ್ಲಿ ಅದಕ್ಕೇ ಒಂದು ಮ್ಯೂಸಿಯಂ ಆಯಿತು.

ಹಳೆಯದು ತನ್ನ ಪಾಡಿಗೆ ಇರಲಿ ಅಂದರೂ ಅದು ಸುಮ್ನೆ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ವ್ಯಾನ್ ಗೋನ ಮಲಗುವ ಕೋಣೆಯ ಚಿತ್ರದಲ್ಲಿ ಇವತ್ತು ನೀಲಿ ಕಾಣುವ ಗೋಡೆಗಳು ಅವನು ಬಳಿದಾಗ ನೇರಳೆ. ಅದರೊಳಗಿನ ಕೆಂಪು ಬೆಳಕಿಗೆ ಮಾಸಿ ಹೋಗಿ ನೀಲಿ ಉಳಿಯಿತು. ಕಾಗದದ ಮೇಲಿನ ಜಲವರ್ಣಕ್ಕೆ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ, ಅಂದರೆ ಸಾಕಷ್ಟು ಮಂದ ಬೆಳಕು. ಮನೆಯಲ್ಲಿ ಅಷ್ಟೆಲ್ಲ ಆಗದು. ಬಿಸಿಲು ಬೀಳದ ಕಡೆ ಇಡಿ, ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ವರ್ಷ ಬರೆಯಿರಿ, ಹಗಲು ಬೆಳಕಿನಲ್ಲಿ ಒಂದು ನೇರ ಫೋಟೊ ತೆಗೆದಿಡಿ. ನನ್ನ ಸ್ನೇಹಿತೆ ಪ್ರದರ್ಶನ ಜೋಡಿಸುವಾಗ ಹೆಚ್ಚು ತಲೆನೋವು ಕೊಟ್ಟದ್ದು ವರ್ಷ ಬರೆಯದ ಹಾಳೆಗಳೇ. ಚಿತ್ರದಲ್ಲಿರುವವರ ಬೂಟಿನ ಆಕಾರ, ಕಾಗದದ ಹಳದಿ ನೋಡಿ ಅಂದಾಜು ಮಾಡುತ್ತಾ ಕೂತಿದ್ದೆವು.

ಇನ್‌ಸ್ಟಾಗ್ರಾಮ್ ಬೇಡ ಅನ್ನುವವಳು ನಾನಲ್ಲ. ಅದರಲ್ಲಿ ನಾನೂ ಇದ್ದೇನೆ. ಆದರೆ ಅಲ್ಲಿ ಇವತ್ತಿನ ಚಿತ್ರ ನಾಳೆಗೆ ಕೆಳಗೆ ಹೋಗುತ್ತದೆ, ಹಿಂದಿನ ವಾರದ್ದು ಪಾತಾಳಕ್ಕೆ. ನೂರು ಲೈಕು ಒತ್ತಿದವರು ನೂರು ಬೇರೆ ಬೇರೆ ಚಿತ್ರ ನೋಡಿರುತ್ತಾರೆ, ಯಾರೂ ಎರಡನ್ನು ಅಕ್ಕಪಕ್ಕ ನೋಡಿರುವುದಿಲ್ಲ. ದಿನಾ ಹೊಸದು ಹಾಕುತ್ತಾ ಹೋದರೆ ಹೊಸದೇ ಹಳೆಯದನ್ನು ಮುಚ್ಚುತ್ತದೆ. ನನಗೆ ಗೊತ್ತಿರುವ ಕೆಲವು ಚಿಕ್ಕ ವಯಸ್ಸಿನವರು ಕಳೆದ ವರ್ಷದ ಕೆಲಸವನ್ನು ಅಳಿಸಿಯೇ ಬಿಡುತ್ತಾರೆ, ಈಗಿನ ಶೈಲಿಗೆ ಹೊಂದುವುದಿಲ್ಲ ಅಂತ. ಇಪ್ಪತ್ತಮೂರನೇ ವಯಸ್ಸಿಗೆ ಅದ್ಯಾವ ಶೈಲಿಯಪ್ಪಾ!

ಗ್ಯಾಲರಿಯವರ ಮೇಲೂ ನನಗೆ ಕೋಪವಿದೆ. ಪೋರ್ಟ್‌ಫೋಲಿಯೊ ಹಿಡಿದು ಹೋದರೆ ಮೊದಲ ಪ್ರಶ್ನೆಯೇ ‘ಇತ್ತೀಚಿನದು ಯಾವುದು?’ ಅಂತ. ಎಷ್ಟೋ ಸ್ಪರ್ಧೆಗಳ ಅರ್ಜಿಯಲ್ಲೂ ಎರಡು ಮೂರು ವರ್ಷದೊಳಗಿನ ಕೃತಿ ಮಾತ್ರ ಎಂಬ ಷರತ್ತು. ಹಳೇ ಕೆಲಸ ನೋಡಬೇಕಾದರೆ ಕಲಾವಿದರು ಒಂದೋ ಎಪ್ಪತ್ತು ಮುಟ್ಟಬೇಕು, ಇಲ್ಲವೇ ಸಾಯಬೇಕು. ಶಿಲ್ಪಿ ಲೂಯಿಸ್ ಬೂರ್ಜ್ವಾಗೆ ನ್ಯೂಯಾರ್ಕಿನ ಮೋಮಾ ಎಂಬ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಇಡೀ ಜೀವನದ ಕೆಲಸದ ಪ್ರದರ್ಶನ ಆದದ್ದು 1982ರಲ್ಲಿ, 70ನೇ ವಯಸ್ಸಿಗೆ. ಅವರಿಗೆ ಇನ್ನೂ ಹತ್ತಿರಹತ್ತಿರ ಮೂವತ್ತು ವರ್ಷ ಆಯುಸ್ಸಿತ್ತು, ಆ ಮೇಲೆ ಮಾಡಿದ ಕೆಲಸದಿಂದಲೇ ಇನ್ನಷ್ಟು ಹೆಸರಾದರು. ಹಿಂದಿನದನ್ನು ತೋರಿಸಿದರೆ ಕಲಾವಿದರ ಕಥೆ ಮುಗಿಯಿತು ಅಂತೇನೂ ಇಲ್ಲ. ನನಗಂತೂ ಆ ಸಾಲು ನೋಡಿದ ಮೇಲೇ ಮುಂದಿನ ಚಿತ್ರ ಯಾವುದು ಅಂತ ಹೊಳೆದದ್ದು. ಅಷ್ಟು ವರ್ಷ ಕಾಯುವವರನ್ನು ಬರೆದೆ, ಅವರನ್ನು ಕಾಯಿಸುವವರನ್ನು ಒಮ್ಮೆಯೂ ಬರೆದಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ನೋಡಲು ಬಂದವರೇ. ಬಾಗಿಲಿನ ಆಚೆ ಯಾರಿದ್ದಾರೆ ಮೇಡಂ ಅಂತ ಒಬ್ಬರು ಕೇಳಿದರು. ಈಗ ಅದನ್ನೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯ ಕಲಾ ಪುಟದಲ್ಲಿ ಉದ್ಘಾಟನೆ ಆದ ಸುದ್ದಿ ಬರುತ್ತದೆ, ದೀಪ ಹಚ್ಚಿದವರ ಫೋಟೊ ಬರುತ್ತದೆ, ಅವರ ಹಿಂದೆ ಗೋಡೆಯ ಮೇಲೆ ಅರ್ಧ ಚಿತ್ರ ಕಾಣುತ್ತದೆ. ಅದರ ಬದಲು ವಾರಕ್ಕೊಬ್ಬ ಕಲಾವಿದರ ಎರಡು ಚಿತ್ರ ಅಕ್ಕಪಕ್ಕ ಹಾಕಿ ನೋಡಿ. ಒಂದು ಹಳೆಯದು, ಒಂದು ಈಗಿನದು. ಕೆಳಗೆ ವರ್ಷ, ಅಳತೆ, ಯಾವ ಬಣ್ಣದಲ್ಲಿ ಬರೆದದ್ದು ಅಂತ ಇದ್ದರೆ ಸಾಕು, ವಿಮರ್ಶೆ ಕೂಡ ಬೇಡ. ಮೊದಲ ವಾರಕ್ಕೆ ಚಿತ್ರ ಕಳಿಸಲು ಯಾರೂ ಮುಂದೆ ಬರದಿದ್ದರೆ ನನ್ನ ಆ ಇಬ್ಬರು ಮುದುಕರನ್ನು ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಓದುಗಳು, ಒಬ್ಬ ಚಿತ್ರ ಕಲಾವಿದೆ