ಸೂಲ್ವೆನ್ ಹತ್ತಿ ಬಂದೆ ಕಣೋ

ಪ್ರೀತಿಯ ಮಂಜು,

ಒಬ್ಬನೇ ಬೆಟ್ಟಕ್ಕೆ ಹೋಗಬೇಡ ಅಂತ ನೀನು ಫೋನಿನಲ್ಲಿ ಅಷ್ಟು ಸಲ ಹೇಳಿದೆ. ಆದರೂ ನಾನು ಹೋಗಿಬಂದೆ. ಕೋಪ ಮಾಡ್ಕೋಬೇಡ, ಪೂರ್ತಿ ಓದು.

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಆಸಿಂಟ್ ಅಂತ ಒಂದು ಸೀಮೆ. ಅಲ್ಲಿ ಲಾಕಿನ್ವರ್ ಎಂಬ ಮೀನುಗಾರರ ಊರು. ಅದರ ಹಿಂದೆ, ಬೋರಲು ಹಾಕಿದ ಕೊಳಗದ ಹಾಗೆ ಎದ್ದು ನಿಂತಿದೆ ಸೂಲ್ವೆನ್. ಎತ್ತರ 731 ಮೀಟರ್. ನಂದಿಬೆಟ್ಟದ ಅರ್ಧ ಅಂತ ನಗಬೇಡ, ಇಲ್ಲಿ ನಡಿಗೆ ಶುರುವಾಗುವುದೇ ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ಹೋಗಿಬರಲು ಸುಮಾರು 20 ಕಿಲೋಮೀಟರ್. ದಾರಿಯಲ್ಲಿ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. 3000 ಅಡಿ ದಾಟಿದ ಬೆಟ್ಟಗಳನ್ನು ಇಲ್ಲಿ ಮನ್ರೊ ಅಂತಾರೆ, ಒಟ್ಟು 282 ಇವೆ. ಸೂಲ್ವೆನ್ ಆ ಪಟ್ಟಿಯಲ್ಲಿಲ್ಲ. ನನಗಂತೂ ಇದಕ್ಕಿಂತ ಚೆಂದದ ಬೆಟ್ಟ ಈ ದೇಶದಲ್ಲಿ ಕಂಡಿಲ್ಲ.

ನಿನ್ನ ಭಯಕ್ಕೆ ಮೊದಲು ಉತ್ತರ ಕೊಡ್ತೀನಿ. ಉಳಿದುಕೊಂಡಿದ್ದ ಮನೆಯವರಿಗೆ ನನ್ನ ದಾರಿ, ವಾಪಸ್ ಬರುವ ಹೊತ್ತು ಎರಡನ್ನೂ ಬರೆದುಕೊಟ್ಟಿದ್ದೆ. ಕಾಗದದ ನಕ್ಷೆ, ದಿಕ್ಸೂಚಿ, ಸೀಟಿ ಇದ್ದವು. ತೊಂದರೆಯಾದರೆ ಒಂದು ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಹುಡುಕಿಕೊಂಡು ಬರುವವರು ಸಂಬಳದವರಲ್ಲ, ಅಲ್ಲಿನ ಊರವರೇ. ರಾತ್ರಿ ಮಳೆಯಲ್ಲೂ ಕೆಲಸ ಬಿಟ್ಟು ಬರುತ್ತಾರೆ.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಎಲ್ಲೂ ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ, ತಡೆಯುವವರಿಲ್ಲ. 2003ರ ಭೂಸುಧಾರಣೆ ಕಾಯ್ದೆ ಪ್ರಕಾರ, ಯಾರಿಗೂ ತೊಂದರೆ ಕೊಡದೆ ಜವಾಬ್ದಾರಿಯಿಂದ ನಡೆಯುವವರಿಗೆ ಬೆಟ್ಟಗುಡ್ಡಗಳಲ್ಲಿ ಓಡಾಡುವ ಹಕ್ಕಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಬೆಟ್ಟ ಊರವರದ್ದು! ಒಂದು ಶ್ರೀಮಂತ ಕುಟುಂಬದ ಕೈಲಿದ್ದ 44,000 ಎಕರೆಯನ್ನು 2005ರಲ್ಲಿ ಆಸಿಂಟ್ ಜನ ತಮ್ಮದೇ ಸಂಸ್ಥೆ ಕಟ್ಟಿಕೊಂಡು ಕೊಂಡರು. ಬೆಟ್ಟ, ಕೆರೆ, ಜೌಗು ಎಲ್ಲ ಸೇರಿ. ಸವೆದು ಕೆಸರಾಗಿದ್ದ ಕಾಲುದಾರಿಗೆ ಆಮೇಲೆ ಕಲ್ಲು ಹಾಸಿ ರಿಪೇರಿ ಮಾಡಿಸಿದ್ದಾರೆ. ಆ ಕಲ್ಲುಗಳ ಮೇಲೆ ಕಾಲಿಡುವಾಗ ಪ್ರತಿ ಸಲ ಅವರ ನೆನಪಾಗುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಬಾಥಿ ಸಿಗುತ್ತದೆ. ಬಾಥಿ ಅಂದರೆ ಬೀಗ ಹಾಕದ ಪುಟ್ಟ ಕಲ್ಲುಮನೆ. ಯಾರು ಬೇಕಾದರೂ ತಂಗಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿ ಕೂತು ಚಿತ್ರಾನ್ನ ತಿಂದೆ.

ದಾರಿಯ ಬಂಡೆಗಳನ್ನು ನೀನು ನೋಡಬೇಕಿತ್ತು. ಬೂದು ಕಲ್ಲು, ಮಧ್ಯೆ ಬಿಳಿ-ಕಪ್ಪು ಪಟ್ಟೆ. ಇದು ನೈಸ್ (gneiss) ಎಂಬ ಶಿಲೆ, ಅದರಲ್ಲಿ ಕೆಲವು ಸುಮಾರು 300 ಕೋಟಿ ವರ್ಷದಷ್ಟು ಹಳೆಯವು. ಕಾಲೇಜು ದಿನಗಳಲ್ಲಿ ನಾವು ಕೂತು ಹರಟುತ್ತಿದ್ದ ಲಾಲ್‌ಬಾಗ್ ಬಂಡೆಯೂ ಅದೇ ಜಾತಿ, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ! ಇಲ್ಲಿ ಅದರ ಮೇಲೆ ನದಿಗಳು ಸುಮಾರು 100 ಕೋಟಿ ವರ್ಷದ ಹಿಂದೆ ದಪ್ಪಗೆ ಮರಳು ಹಾಸಿದವು. ಆ ಮರಳುಗಲ್ಲನ್ನು ಹಿಮನದಿಗಳು ಕೆತ್ತಿ ಒಯ್ದ ಮೇಲೆ ಉಳಿದ ತುಂಡು ಸೂಲ್ವೆನ್. ಜೌಗಿನ ಅಂಚಿನಲ್ಲಿ ಬಗ್ಗಿ ನೋಡಿದರೆ ಹುಳ ಹಿಡಿದು ತಿನ್ನುವ ಡ್ರೊಸೆರಾ ಗಿಡ. ಉಗುರಿನಷ್ಟು ಎಲೆ, ಅಂಚಿಗೆ ಕೆಂಪು ಕೂದಲು, ತುದಿಯಲ್ಲಿ ಅಂಟಿನ ಹನಿ. ಒಂದು ನುಸಿ ಸಿಕ್ಕಿಹಾಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು.

ಕೊನೆಯ ಏರು ಮಾತ್ರ ಕಡಿದು. ಪುಡಿಗಲ್ಲಿನ ಕೊರಕಲಿನಲ್ಲಿ ನೇರ ಮೇಲಕ್ಕೆ, ಬ್ಯಾಲಖ್ ಮೋರ್ ಎಂಬ, ಎರಡು ಶಿಖರಗಳ ನಡುವಿನ ತಗ್ಗಿಗೆ. ಅಷ್ಟು ಎತ್ತರದಲ್ಲಿ ಗಾರೆಯಿಲ್ಲದೆ ಜೋಡಿಸಿದ ಒಂದು ಹಳೇ ಕಲ್ಲುಗೋಡೆ ಇಡೀ ಏಣನ್ನು ಅಡ್ಡ ಹಾಯುತ್ತದೆ. ಕಲ್ಲು ಹೊತ್ತವರ ಬೆನ್ನು ನೆನೆದು ನನಗೆ ಕಣ್ಣು ತುಂಬಿ ಬಂತು. ಗೋಡೆಯ ಸಂದಿನಿಂದ ದಾಟಿ ಬಲಕ್ಕೆ ತಿರುಗಿದರೆ ಏಣು ಒಂದು ಕಡೆ ಕಿರಿದಾಗುತ್ತದೆ. ಅಲ್ಲಿ ಗಾಳಿ ಜೋರಾಗಿತ್ತು, ಕೈ ಊರಿಕೊಂಡು ನಿಧಾನ ದಾಟಿದೆ. ಗಾಳಿ ಇನ್ನೂ ಹೆಚ್ಚಿದ್ದರೆ ವಾಪಸ್ ಬರ್ತಿದ್ದೆ, ಆಣೆ.

ತುದಿ ಹುಲ್ಲಿನ ಬಯಲು, ಸುತ್ತ ಪಾತಾಳ. ದಕ್ಷಿಣಕ್ಕೆ ಸ್ಟ್ಯಾಕ್ ಪೊಲಿ ಬೆಟ್ಟ, ಉತ್ತರಕ್ಕೆ ಕ್ವಿನಾಗ್ ಬೆಟ್ಟ, ನಡುವೆ ಲೆಕ್ಕವಿಲ್ಲದಷ್ಟು ಕೆರೆ. ಪಶ್ಚಿಮಕ್ಕೆ ಸಮುದ್ರದಾಚೆ ಲೂಯಿಸ್ ದ್ವೀಪದ ಗೆರೆ. ಕೆಳಗಿನ ಶಿಲೆಗೆ ‘ಲೂಯಿಸಿಯನ್ ನೈಸ್’ ಅಂತ ಹೆಸರು ಬಂದಿದ್ದು ಅದೇ ದ್ವೀಪದಿಂದ. ಒಬ್ಬನೇ ಇದ್ದೆ, ಆದರೆ ಒಂಟಿ ಅನ್ನಿಸಲಿಲ್ಲ ಕಣೋ. ಹಾದಿ ಹಾಕಿದವರು, ಬಾಥಿ ನೋಡಿಕೊಳ್ಳುವವರು, ಬೆಟ್ಟ ಕೊಂಡವರು ಎಲ್ಲರೂ ಸೇರಿಯೇ ನನ್ನನ್ನು ಅಲ್ಲಿಗೆ ಹತ್ತಿಸಿದ್ದು, ಅಲ್ವಾ?

ಇಳಿದು ಬರುವಾಗ ಮಂಡಿ ನೋವು ಜಾಸ್ತಿ ಆಯಿತು. ಜೂನ್ ಆದ್ದರಿಂದ ರಾತ್ರಿ ಹತ್ತಕ್ಕೂ ಬೆಳಕಿತ್ತು, ಆತುರವಿರಲಿಲ್ಲ. ಮನೆಯವರಿಗೆ ಬಂದೆ ಅಂತ ಹೇಳಿಯೇ ಬೂಟು ಬಿಚ್ಚಿದೆ.

ಬರುವ ವರ್ಷ ಮೇ ತಿಂಗಳಲ್ಲಿ ಬಾ. ಆಗ ನುಸಿಕಾಟ ಕಮ್ಮಿ. ವೀಸಾಗೆ ಬೇಗ ಅರ್ಜಿ ಹಾಕು, ಗಟ್ಟಿ ಬೂಟು, ಒಳ್ಳೇ ಮಳೆಕೋಟು ತಾ. ನಕ್ಷೆ ನನ್ನ ಹತ್ತಿರ ಇದೆ.

ನಿನ್ನ,
ರಘು