ವಾರ್ಡಿಗೊಂದು ಬ್ಯಾಟರಿ ಡಬ್ಬಿ ಇಡಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವಳೇ. ಬೆಂಗಳೂರಿನ ಇದೇ ರಸ್ತೆಯಲ್ಲಿ 31 ವರ್ಷದಿಂದ ಇದ್ದೇನೆ. ನೀರಿಗೆ, ಗುಂಡಿಗೆ, ಬೀದಿ ದೀಪಕ್ಕೆ ಅಂತ ನಿಮ್ಮ ಕಚೇರಿ ಮೆಟ್ಟಿಲು ಹತ್ತಿದವಳಲ್ಲ. ಈಗ ಬರೆಯದೆ ಬೇರೆ ದಾರಿ ಉಳಿದಿಲ್ಲ.

ನಮ್ಮ ತಾರಸಿ ಮೇಲೆ ಒಂದು ಮಣ್ಣಿನ ಕುಂಡ ಇದೆ. ಮೊದಲು ಅದರಲ್ಲಿ ದಾಸವಾಳ ಇತ್ತು. ಈಗ ಮರಳು ಇದೆ, ಮರಳಿನೊಳಗೆ ಪೂರಿಯಂತೆ ಉಬ್ಬಿದ ಒಂದು ಪವರ್ ಬ್ಯಾಂಕ್ ಇದೆ. ಹೂತಿಟ್ಟು 14 ತಿಂಗಳಾಯಿತು. ರಾತ್ರಿ ಮಳೆ ಬಂದರೆ ಎದ್ದು ಹೋಗಿ ಮುಚ್ಚಳ ಸರಿ ಇದೆಯಾ ಅಂತ ನೋಡಿ ಬರುತ್ತೇನೆ. ಮಂಡಿ ನೋವಿನವಳು ನಾನು, ಮೆಟ್ಟಿಲು ಹತ್ತುವುದೇ ಕಷ್ಟ.

ಅದನ್ನು ಕೊಡಲು ನಾನು ಅಲೆಯದ ಜಾಗ ಇಲ್ಲ. ತಗೊಂಡ ಅಂಗಡಿಯಲ್ಲಿ ಬಿಲ್ ಕೇಳಿದರು. ಗುಜರಿಯವರು ಯುಪಿಎಸ್ ಬ್ಯಾಟರಿ ಆದರೆ ದುಡ್ಡು ಕೊಟ್ಟು ಒಯ್ಯುತ್ತಾರೆ, ಇದನ್ನು ಮುಟ್ಟಲೂ ಇಲ್ಲ. ಇ-ವೇಸ್ಟ್ ತಗೊಳ್ಳುತ್ತಾರೆ ಅಂತ ಒಂದು ಭಾನುವಾರ ಬಿಸಿಲಲ್ಲಿ ಸಾಲಲ್ಲಿ ನಿಂತೆ. ಟಿವಿ, ಕೀಬೋರ್ಡ್ ತಗೊಂಡರು. "ಉಬ್ಬಿದ್ದು ಬೇಡ ಅಮ್ಮ" ಅಂದರು. ಕೊನೆಗೆ ವಾರ್ಡ್ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದವರು ತಲೆ ಎತ್ತದೆ ಹೇಳಿದರು: "ಒಣ ಕಸಕ್ಕೆ ಹಾಕಿ, ಏನೂ ಆಗಲ್ಲ."

ಏನಾಯಿತು ಅಂತ ಕೇಳಿ.

ಕಳೆದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ 7 ಗಂಟೆ ಇರಬಹುದು. ಕಸದ ಆಟೊ ನಮ್ಮ ಗೇಟಿನ ಮುಂದೆ ನಿಂತಿತ್ತು. ಜೊತೆಗೆ ಬರುವ ಅಕ್ಕ ಗಾಡಿ ಮೇಲೆ ಹತ್ತಿ ಒಣ ಕಸವನ್ನು ತುಳಿಯುತ್ತಿದ್ದಳು. ದಿನಾ ಹಾಗೇ ತುಳಿಯುತ್ತಾಳೆ, ಇಲ್ಲದಿದ್ದರೆ ಇಡೀ ರಸ್ತೆಯ ಕಸ ಹಿಡಿಸುವುದಿಲ್ಲ. ಠಪ್ ಅಂತ ಶಬ್ದ ಬಂತು. ಆಮೇಲೆ ಸುರುಸುರು ಅಂತ ಬಿಳಿ ಹೊಗೆ. ಅವಳು ಏನೋ ಅಂತ ಬಗ್ಗಿ ಚೀಲ ಎಳೆದಳು, ಬೆಂಕಿ ಭುಗ್ ಅಂತ ಕೈಗೇ ಹತ್ತಿತು. ನಾವೆಲ್ಲ ಬಕೆಟ್ ಬಕೆಟ್ ನೀರು ಸುರಿದೆವು. ಆರಿತು ಅಂದುಕೊಂಡೆವು, 5 ನಿಮಿಷಕ್ಕೆ ಮತ್ತೆ ಹತ್ತಿಕೊಂಡಿತು. ಕಸವನ್ನೆಲ್ಲ ರಸ್ತೆಗೆ ಸುರಿದು ನೋಡಿದರೆ, ಮಕ್ಕಳ ಆಟದ ಕಾರಿನದ್ದೋ ಏನೋ, ಕರಕಲಾದ ಒಂದು ಬ್ಯಾಟರಿ. ನನ್ನ ಅಂಗೈಗಿಂತ ಚಿಕ್ಕದು.

ಅವಳ ಬಲಗೈ ಮಣಿಕಟ್ಟಿನವರೆಗೆ ಸುಟ್ಟಿದೆ. 12 ದಿನ ಕೆಲಸಕ್ಕೆ ಬರಲಿಲ್ಲ, 12 ದಿನದ ಕೂಲಿಯೂ ಇಲ್ಲ. ಅವಳ ಮೇಲಧಿಕಾರಿಗಳು ಬಂದು "ಯಾರೋ ಬೀಡಿ ಎಸೆದಿರಬೇಕು" ಅಂದು ಹೋದರು. ಒಂದು ಸಾಲು ಬರೆದುಕೊಳ್ಳಲಿಲ್ಲ. ಬೀಡಿ ಅಂತೆ! ಆ ಕರಕಲು ಬ್ಯಾಟರಿಯನ್ನು ನಾನೇ ಅವರ ಮುಂದೆ ಹಿಡಿದಿದ್ದೆ ಸಾರ್. ಈಗ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಬರುತ್ತಾಳೆ. ಅದೇ ಗಾಡಿ, ಅದೇ ಕಸ, ಅದೇ ತುಳಿತ.

ಅವತ್ತು ಆ ಕಚೇರಿಯವರ ಮಾತು ಕೇಳಿದ್ದರೆ ಅವಳ ಕಾಲಡಿ ಇರುತ್ತಿದ್ದದ್ದು ನನ್ನ ಪವರ್ ಬ್ಯಾಂಕ್. ಇದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಪವರ್ ಬ್ಯಾಂಕ್, ಮೊಬೈಲಿನಲ್ಲಿ ಇರುವ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಲು ಕಿಡಿ ತಾಗಲೇಬೇಕು ಅಂತಿಲ್ಲ. ಒಳಗೆ ಎರಡು ಪದರಗಳ ನಡುವೆ ತೆಳು ಹಾಳೆ ಇರುತ್ತದೆ. ತುಳಿದರೆ, ಚುಚ್ಚಿದರೆ ಅದು ಹರಿಯುತ್ತದೆ. ಶಾರ್ಟ್ ಆಗಿ ಬ್ಯಾಟರಿ ತಾನೇ ಬಿಸಿಯಾಗುತ್ತದೆ, ಒಳಗಿನ ದ್ರವವೂ ಉರಿಯುವಂಥದ್ದೇ. ಅದಕ್ಕೇ ಆರಿಸಿದರೂ ಮತ್ತೆ ಹತ್ತುವುದು.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಮನೆಯ ಅಪಾಯಕಾರಿ ಕಸಕ್ಕೆ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಅಂತ ಬರೆದಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ತಯಾರಿಸಿದವರೇ ಹಳೆಯದನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು. ಕಸದ ಡಬ್ಬಿಯ ಚಿತ್ರಕ್ಕೆ ಅಡ್ಡಗೀಟು ಹಾಕಿದ ಗುರುತು ಬ್ಯಾಟರಿ ಮೇಲೇ ಇರುತ್ತದೆ. ಕಸಕ್ಕೆ ಹಾಕಬೇಡಿ ಅಂತ ಅದರ ಅರ್ಥ. ಸರಿ, ಹಾಕುವುದಿಲ್ಲ. ಮತ್ತೆ ಎಲ್ಲಿಗೆ ಹಾಕಬೇಕು? ನಮ್ಮ ವಾರ್ಡಿನಲ್ಲಿ ಇದಕ್ಕೆ ಉತ್ತರ ಹೇಳುವ ಒಬ್ಬರನ್ನು ತೋರಿಸಿ.

ಮನೆಯಲ್ಲೇ ಇಟ್ಟುಕೊಳ್ಳಿ ಅನ್ನಬೇಡಿ. ನನಗೆ 2 ವರ್ಷದ ಮೊಮ್ಮಗಳಿದ್ದಾಳೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ರಿಮೋಟ್, ತೂಕದ ಯಂತ್ರದ ಬಿಲ್ಲೆ ಸೆಲ್ಲು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಡಲು ಶುರುವಾಗುತ್ತದೆ. ನಾವು ಮುಗಿದು ಹೋಯಿತು ಅಂತ ತೆಗೆದ ಸೆಲ್ಲಿನಲ್ಲೂ ಅಷ್ಟು ಕರೆಂಟ್ ಉಳಿದಿರುತ್ತದೆ. ಅವುಗಳ ಎರಡೂ ಕಡೆ ಟೇಪ್ ಸುತ್ತಿ ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಜಾಡಿ ತುಂಬುತ್ತಾ ಬಂತು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ವಾರ್ಡಿಗೊಂದು ಬ್ಯಾಟರಿ ಡಬ್ಬಿ ಇಡಿಸಿ. ಕಬ್ಬಿಣದ್ದು, ಮುಚ್ಚಳ ಇರುವುದು, ಉಬ್ಬಿದ್ದಕ್ಕೆ ಬೇರೆಯಾಗಿ ಮರಳು ತುಂಬಿದ್ದು. ವಾರಕ್ಕೆ ಒಂದು ದಿನ ತಿಳಿದವರು ಬಂದು ಒಯ್ಯಲಿ. ಯಾವ ದಿನ ಅಂತ ಕಸದ ಆಟೊದ ಮೈಕಿನಲ್ಲೇ ಹೇಳಿಸಿ, ದಿನಾ ಹಾಡು ಹಾಕುತ್ತಾರಲ್ಲ, ಅದರ ಜೊತೆಗೇ. ಕಸ ತುಳಿಯುವವರಿಗೆ ದಪ್ಪ ಗ್ಲೌಸ್, ಶೂ ಕೊಡಿಸಿ. ಆ ಅಕ್ಕನ 12 ದಿನದ ಕೂಲಿ, ಆಸ್ಪತ್ರೆ ಖರ್ಚು ಕೊಡಿಸಿ. ಅವಳು ಕೇಳುವುದಿಲ್ಲ. ಕೇಳಿದರೆ ಇರುವ ಕೆಲಸವೂ ಹೋಗುತ್ತದೆ ಅನ್ನುವ ಭಯ ಅವಳಿಗೆ.

ಇನ್ನೊಮ್ಮೆ ಹೇಳುತ್ತೇನೆ, ವಾರ್ಡಿಗೊಂದು ಡಬ್ಬಿ. ನಮ್ಮ ರಸ್ತೆಗೇ ಬರಬೇಕು ಅಂತ ಹಟ ಇಲ್ಲ. ಎಲ್ಲಿ ಇಡುತ್ತೀರಿ ಅಂತ ವಿಳಾಸ ತಿಳಿಸಿ ಸಾಕು. ಆಟೊ ಮಾಡಿಕೊಂಡು ಕುಂಡದ ಸಮೇತ ನಾನೇ ತಂದು ಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
ಬೆಂಗಳೂರು