‘ಮೈನಸ್ ಮೈನಸ್ ಪ್ಲಸ್’ ಮಂತ್ರ ಸಾಕು

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಗಣಿತವೆಂದರೆ ಭಯವೇಕೆ ಎಂಬ ಚರ್ಚೆ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಏಳುತ್ತದೆ, ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ. ಆ ಭಯದ ಬೇರು ಹುಡುಕುವವರು ಸೊನ್ನೆಗಿಂತ ಕೆಳಗಿನ ಋಣ ಸಂಖ್ಯೆಗಳನ್ನು ಕೂಡಿ ಕಳೆಯುವ ಪಾಠದ ಬಳಿ ಒಮ್ಮೆ ನಿಲ್ಲಬೇಕು. ಅಲ್ಲಿಯವರೆಗೆ ಎಣಿಸಿ ನೋಡಬಹುದಾಗಿದ್ದ ಲೆಕ್ಕ ಅಲ್ಲಿಂದಾಚೆ ಸುಮ್ಮನೆ ನಂಬಬೇಕಾದ ಲೆಕ್ಕವಾಗಿಬಿಡುತ್ತದೆ. ‘ಮೈನಸ್ ಮೈನಸ್ ಪ್ಲಸ್’ ಎಂದು ಮೊದಲ ದಿನವೇ ಉರು ಹೊಡೆಸುವುದೇ ಇದಕ್ಕೆ ಮುಖ್ಯ ಕಾರಣವೆಂಬುದು ಗಣಿತ ಕಲಿಸುವವಳಾದ ನನ್ನ ಅಭಿಪ್ರಾಯ.

ಮಂತ್ರ ಬಾಯಿಗೆ ಬಂದ ಮಗುವನ್ನು −3 − 5 ಎಷ್ಟು ಎಂದು ಕೇಳಿ ನೋಡಿ. ಎರಡು ಮೈನಸ್ ಕಂಡದ್ದೇ ತಡ, +8 ಎಂದು ಬರೆಯುವವರು ಒಬ್ಬಿಬ್ಬರಲ್ಲ. ಸೊನ್ನೆಗಿಂತ ಮೂರು ಕೆಳಗಿದ್ದವಳು ಇನ್ನೂ ಐದು ಇಳಿದು ಎಂಟು ಮೇಲೆ ಹೇಗೆ ಬಂದೆ ಎಂದರೆ ಉತ್ತರವಿಲ್ಲ. ಬೈದು ಪ್ರಯೋಜನವಿಲ್ಲ, ನಾವು ಕೊಟ್ಟ ನಿಯಮವನ್ನು ಮಗು ನಿಷ್ಠೆಯಿಂದಲೇ ಪಾಲಿಸಿದೆ. ಗುಣಾಕಾರದಲ್ಲಿ ಇರಬೇಕಾದ ಮಾತು ಕೂಡುವ, ಕಳೆಯುವ ಕಡೆಗೂ ನುಗ್ಗಿದೆ. ಜೊತೆಗೆ ಒಂದೇ ಗೀಟಿಗೆ ಎರಡು ಕೆಲಸ: 5 − 2ರಲ್ಲಿ ಅದು ‘ಕಳೆ’ ಎನ್ನುತ್ತದೆ, −2ರಲ್ಲಿ ಸಂಖ್ಯೆ ಸೊನ್ನೆಯ ಯಾವ ಬದಿಗಿದೆ ಎಂದು ಹೇಳುತ್ತದೆ. ಎರಡನೆಯದನ್ನು ⁻2 ಎಂದು ಸ್ವಲ್ಪ ಮೇಲಕ್ಕೆ ಬರೆಯುವ ರೂಢಿ ಹಿಂದೆ ಕೆಲವು ಪಠ್ಯಗಳಲ್ಲಿತ್ತು. ಕಲಿಕೆಯ ಆರಂಭದಲ್ಲಾದರೂ ಅದು ಮರಳಿ ಬಂದರೆ ಒಳ್ಳೆಯದು.

ಕಾಣುವಂತೆ ಕಲಿಸಲು ಎರಡು ಬಣ್ಣದ ಬಿಲ್ಲೆಗಳು ಸಾಕು. ಕೆಂಪು ಬಿಲ್ಲೆ +1, ಕಪ್ಪು ಬಿಲ್ಲೆ −1 ಇರಲಿ. (ಚೀನಾದ ಗಣಿತಜ್ಞ ಲಿಯು ಹುಯಿ ಕ್ರಿ.ಶ. 263ರಲ್ಲೇ ಎಣಿಕೆಯ ಕಡ್ಡಿಗಳಿಗೆ ಹೇಳಿದ್ದು ಇದೇ ಬಣ್ಣಗಳನ್ನು!) ಒಂದು ಕೆಂಪು, ಒಂದು ಕಪ್ಪು ಜೋಡಿಯಾದರೆ ಸೊನ್ನೆ. −7 + 4 ಎಂದರೆ ಏಳು ಕಪ್ಪು, ನಾಲ್ಕು ಕೆಂಪು. ನಾಲ್ಕು ಜೋಡಿ ಹೋಗಿ ಮೂರು ಕಪ್ಪು ಉಳಿಯುತ್ತವೆ. ಇದು ಸುಲಭ, ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ.

ನಿಲ್ಲಬೇಕಾದದ್ದು 3 − (−2) ಬಳಿ. ಮೇಜಿನ ಮೇಲೆ ಮೂರು ಕೆಂಪು ಬಿಲ್ಲೆಗಳಿವೆ, ತೆಗೆಯಬೇಕಾದದ್ದು ಎರಡು ಕಪ್ಪು. ಕಪ್ಪು ಒಂದೂ ಇಲ್ಲ! ಇಲ್ಲಿ ಶಿಕ್ಷಕರು ಬಾಯಿ ಬಿಡದೆ ಕಾಯಬೇಕು. ಕಷ್ಟ, ಆದರೆ ಕಾಯಬೇಕು. ಜೋಡಿಯ ಬೆಲೆ ಸೊನ್ನೆಯಲ್ಲವೇ, ಎರಡು ಜೋಡಿ ತಂದಿಟ್ಟರೂ ಮೂರು ಮೂರಾಗಿಯೇ ಇರುತ್ತದಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಹೊಳೆಯದಿದ್ದರೆ ಒಂದು ಜೋಡಿ ಇಟ್ಟು ‘ಈಗೆಷ್ಟು?’ ಎಂದಷ್ಟೇ ಕೇಳಿದರಾಯಿತು. ಎರಡು ಜೋಡಿ ಬಂದ ಮೇಲೆ ಎರಡು ಕಪ್ಪು ತೆಗೆದರೆ ಉಳಿಯುವುದು ಐದು ಕೆಂಪು. ಕಳೆದದ್ದಕ್ಕೇ ಹೆಚ್ಚಾಯಿತಲ್ಲ ಎಂಬ ಅಚ್ಚರಿ ಮಗುವಿನದೇ ಆಗಬೇಕು. ಅದೇ ಕೈಯಲ್ಲಿ −3 − 5 ಮಾಡಿಸಿ. ಮೂರು ಕಪ್ಪಿನಿಂದ ಐದು ಕೆಂಪು ತೆಗೆಯಲು ಐದು ಜೋಡಿ ತರಬೇಕು. ಕೊನೆಗೆ ಉಳಿಯುವುದು ಎಂಟು ಕಪ್ಪು. +8 ಎಂದವರು ತಾವೇ ತಿದ್ದಿಕೊಳ್ಳುತ್ತಾರೆ.

ಬಿಲ್ಲೆ ಸಿಗದಿದ್ದರೆ 3 − 2, 3 − 1, 3 − 0 ಎಂದು ಒಂದರ ಕೆಳಗೊಂದು ಬರೆದು, ಉತ್ತರ ಒಂದೊಂದೇ ಏರುವುದನ್ನು ಗಮನಿಸಲು ಹೇಳಿ 3 − (−1) ಎಂಬ ಮುಂದಿನ ಸಾಲನ್ನು ಮಕ್ಕಳಿಗೇ ಬಿಡಬಹುದು.

ಸಾಲದ ಉದಾಹರಣೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಈ ಸಂಖ್ಯೆಗಳನ್ನು ಧನ (ಆಸ್ತಿ), ಋಣ (ಸಾಲ) ಎಂದು ಕರೆದು, ಸೊನ್ನೆಯಿಂದ ಋಣವನ್ನು ಕಳೆದರೆ ಧನ ಎಂದು ನಿಯಮ ಹೇಳಿದ್ದ. ಕೂಡುವುದಕ್ಕೆ ಸಾಲದ ಕತೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮಾಡದ ಸಾಲವನ್ನು ತೆಗೆಯುವುದು ಹೇಗೆ ಎಂದು ಚುರುಕಾದ ಮಗು ಕೇಳಿದರೆ ಕತೆ ಎಡವುತ್ತದೆ. ಅಂಥ ಪ್ರಶ್ನೆಯನ್ನು ಉದ್ಧಟತನ ಎನ್ನಬೇಡಿ. ಋಣ ಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ಇಂಗ್ಲೆಂಡಿನ ಗಣಿತಜ್ಞ ಫ್ರಾನ್ಸಿಸ್ ಮಸೆರೆಸ್ 18ನೇ ಶತಮಾನದಲ್ಲೂ ವಾದಿಸುತ್ತಿದ್ದರು.

ಪಾಠ ಮುಗಿಸಲು ಸಮಯವೆಲ್ಲಿದೆ ಎಂಬ ಸಹೋದ್ಯೋಗಿಗಳ ಆಕ್ಷೇಪ ಸುಳ್ಳಲ್ಲ. ಆದರೆ ಇಲ್ಲಿ ಉಳಿಸಿದ ಸಮಯವನ್ನು ಮುಂದೆ ಸಮೀಕರಣ ಬಿಡಿಸುವಾಗ ಬಡ್ಡಿ ಸಮೇತ ಕಟ್ಟುತ್ತೇವೆ. ಅಲ್ಲಿ ತಪ್ಪುವುದು ಬೀಜಗಣಿತವಲ್ಲ, ಈ ಚಿಹ್ನೆಗಳೇ. ಪ್ರಶ್ನೆಪತ್ರಿಕೆ ತಯಾರಿಸುವವರು ಮನಸ್ಸು ಮಾಡಿದರೆ ತರಗತಿಯೂ ಬದಲಾಗುತ್ತದೆ. ಇಂಥ ಇಪ್ಪತ್ತು ಲೆಕ್ಕ ಕೊಡುವ ಬದಲು ‘−3 − 5 ಮತ್ತು −3 − (−5), ಇವೆರಡರಲ್ಲಿ ಯಾವುದು ದೊಡ್ಡದು? ಏಕೆಂದು ಚಿತ್ರ ಬರೆದು ತೋರಿಸಿ’ ಎಂದು ಒಂದೇ ಪ್ರಶ್ನೆ ಕೇಳಲಿ, ಅಂಕವನ್ನು ಚಿತ್ರಕ್ಕೂ ಕೊಡಲಿ.

ಇತಿ,
ಒಬ್ಬ ಗಣಿತ ಶಿಕ್ಷಕಿ